ಮದ್ಯತ್ಯಾಗವೂ ವಿವೇಕರಕ್ಷಣೆಯೂ

ಶ್ರಾವಕನ ಅಷ್ಟಮೂಲಗುಣಗಳಲ್ಲಿ ಮದ್ಯತ್ಯಾಗವೂ ಒಂದು. ತನ್ನ ಮಿತಿಯನ್ನು ತಾನೇ ಅರಿತವನಿಗೆ ಇದಕ್ಕಾಗಿ ವ್ರತವೇಕೆ ಎಂದು ಕೆಲವರು ಕೇಳುವುದುಂಟು. 1977ರಲ್ಲಿ ನಡೆದ ಒಂದು ವಿಮಾನ ದುರಂತವು ಈ ಪ್ರಶ್ನೆಗೆ ಉತ್ತರ ನೀಡುತ್ತದೆ.

ಆ ವರ್ಷದ ಜನವರಿ 13ರ ಮುಂಜಾನೆ ಜಪಾನ್ ಏರ್ ಲೈನ್ಸ್ ಸಂಸ್ಥೆಯ ಸರಕು ವಿಮಾನವೊಂದು ಅಮೆರಿಕದ ಅಲಾಸ್ಕದಲ್ಲಿರುವ ಆಂಕರೇಜ್ ನಿಲ್ದಾಣದಿಂದ ಟೋಕಿಯೋ ನಗರಕ್ಕೆ ಹೊರಟಿತು. ಅದರಲ್ಲಿದ್ದ ಸರಕು ಜೀವಂತ ದನಗಳು. ದಟ್ಟವಾದ ಮಂಜು ಕವಿದಿತ್ತು. ವಿಮಾನದ ಮೇಲೆ ಹಿಮ ಕಟ್ಟುವಂತಹ ಹವೆ. ಹಿಮ ಕಟ್ಟಿದ ರೆಕ್ಕೆಗಳಿಗೆ ವಿಮಾನವನ್ನು ಎತ್ತಿಹಿಡಿಯುವ ಶಕ್ತಿ ಕುಂದುತ್ತದೆ. ಆಗ ಮೂತಿಯನ್ನು ಮಿತಿಮೀರಿ ಮೇಲೆತ್ತಿದರೆ ವಿಮಾನವು ಆಧಾರ ತಪ್ಪಿ ಬೀಳುತ್ತದೆ. ಅಂದು ಆದುದೂ ಅದೇ. ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ವಿಮಾನವು ಬಿದ್ದು, ಮೂವರು ಚಾಲಕವರ್ಗದವರೂ ದನಗಳನ್ನು ನೋಡಿಕೊಳ್ಳುತ್ತಿದ್ದ ಇಬ್ಬರೂ ಮೂಕಪಶುಗಳೊಡನೆ ಮೃತರಾದರು.

ಮುಖ್ಯ ಚಾಲಕನು ದೀರ್ಘಕಾಲದ ಅನುಭವವುಳ್ಳವನು. ಆದರೆ ಅವನ 100 ಮಿಲಿಲೀಟರ್ ರಕ್ತದಲ್ಲಿ 298 ಮಿಲಿಗ್ರಾಂ ಮದ್ಯಸಾರವಿದ್ದುದು ಪರೀಕ್ಷೆಯಿಂದ ತಿಳಿದುಬಂದಿತು. ಅಲಾಸ್ಕದಲ್ಲಿ ಅಂದು 100 ಮಿಲಿಗ್ರಾಂ ಇದ್ದರೇ ವಾಹನ ಚಾಲಕನನ್ನು ಮತ್ತನೆಂದು ಎಣಿಸುತ್ತಿದ್ದರು. ಅವನಿಗೆ ವಿದ್ಯೆಯ ಕೊರತೆಯಿರಲಿಲ್ಲ. ವಿದ್ಯೆಯನ್ನು ನಡೆಸುವ ವಿವೇಕವು ಮಸುಕಾಗಿತ್ತು.

ಮದ್ಯದ ವಿಶೇಷ ದೋಷವು ಇಲ್ಲಿದೆ. ತಾನು ಮತ್ತನೋ ಅಲ್ಲವೋ ಎಂದು ನಿರ್ಣಯಿಸಬೇಕಾದ ಬುದ್ಧಿಯನ್ನೇ ಅದು ಮೊದಲು ಕೆಡಿಸುತ್ತದೆ. ತಕ್ಕಡಿಯೇ ಕೆಟ್ಟ ಮೇಲೆ ತೂಕವನ್ನು ನಂಬುವುದೆಂತು? ಆದುದರಿಂದಲೇ ಭಾರತದಲ್ಲಿಯೂ ವಿಮಾನ ಚಾಲಕರು ಹಾರಾಟಕ್ಕೆ ಮುಂಚಿನ 12 ಗಂಟೆಗಳಲ್ಲಿ ಮದ್ಯ ಸೇವಿಸಬಾರದೆಂಬ ನಿಯಮವಿದೆ. ನಿರ್ಣಯವನ್ನು ಅವರವರ ಆ ಕ್ಷಣದ ಊಹೆಗೆ ಬಿಟ್ಟಿಲ್ಲ. ವ್ರತದ ಮರ್ಮವೂ ಇದೇ. ಬುದ್ಧಿಯು ತಿಳಿಯಾಗಿರುವಾಗ ಮಾಡಿದ ಸಂಕಲ್ಪವು ಅದು ಕಲಕುವ ಸಂದರ್ಭವೇ ಬಾರದಂತೆ ಕಾಯುತ್ತದೆ.

ಚಾಲಕನು ಹಾರಾಟಕ್ಕೆ ತೊಡಗದಂತೆ ಜೊತೆಯವರು ತಡೆಯದೆ ಹೋದುದೂ ದುರಂತಕ್ಕೆ ಒಂದು ಕಾರಣವೆಂದು ತನಿಖೆಯ ಮಂಡಳಿಯು ಹೇಳಿತು. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದ್ವಾರಗಳನ್ನು ಅರಿತ ಶ್ರಾವಕರಿಗೆ ಇದು ಹೊಸ ಮಾತಲ್ಲ. ತಡೆಯಬಲ್ಲವನ ಮೌನವು ಅನುಮೋದನೆಗೆ ಬಹು ಸಮೀಪದ್ದು. ಪ್ರಮಾದವು ಒಬ್ಬನದಾದರೂ ಹಿಂಸೆಯು ಅನೇಕ ಜೀವಗಳಿಗೆ ತಟ್ಟಿತು.

ಆದುದರಿಂದ ಮದ್ಯತ್ಯಾಗವನ್ನು ಕೈಗೊಳ್ಳುವವರು ತಾವು ಕುಡಿಯದಿರುವುದರೊಡನೆ ಇತರರಿಗೆ ಕುಡಿಸದಿರುವುದನ್ನೂ, ಕುಡಿದವರನ್ನು ಮೆಚ್ಚದಿರುವುದನ್ನೂ ಮನೋವಾಕ್ಕಾಯಗಳಿಂದ ಸಂಕಲ್ಪಿಸಬೇಕು. ಕುಡಿದವನು ವಾಹನವೇರಲು ಹೊರಟರೆ ದಾಕ್ಷಿಣ್ಯ ಬಿಟ್ಟು ತಡೆಯುವುದೂ ಜೀವದಯೆಯೇ.