ಇಪ್ಪತ್ತೋ, ಎಪ್ಪತ್ತೋ?

ತುರ್ತು ಸಂಪರ್ಕದ ಮಾತು ಬಂದಾಗಲೆಲ್ಲ ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೋ) ಬಳಗದ ಚರ್ಚೆ ಬೇಗನೆ ಡೆಸಿಬೆಲ್ ಲೆಕ್ಕಕ್ಕೆ ಇಳಿದುಬಿಡುತ್ತದೆ. ಯಾವ ಮೋಡ್ ಎಷ್ಟು ಕ್ಷೀಣವಾದ ಸಿಗ್ನಲ್ಲನ್ನು ಹೆಕ್ಕುತ್ತದೆ, ಐದು ವ್ಯಾಟಿನಲ್ಲಿ ಯಾರು ಎಷ್ಟು ದೂರ ಮುಟ್ಟಿದರು ಎಂಬುದೇ ಮುಖ್ಯವಾಗುತ್ತದೆ. ಡಿಜಿಟಲ್ ನೆಟ್‌ಗಳಲ್ಲಿ (ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರುವ ರೇಡಿಯೋ ಕೂಟಗಳಲ್ಲಿ) ಕೂತು ಸಂದೇಶ ಕಳಿಸುತ್ತ, ಬರೆದುಕೊಳ್ಳುತ್ತ ಬಂದ ನನಗೆ ಮನದಟ್ಟಾದದ್ದು ಬೇರೆ. ವಿಪತ್ತಿನಲ್ಲಿ ಡಿಜಿಟಲ್ ಮೋಡ್ ಬೇಕಾಗುವುದು ದೂರ ಹೋಗಲಿಕ್ಕಲ್ಲ. ಇಲ್ಲಿ ಬರೆದದ್ದು ಅಲ್ಲಿ ಬರೆದ ಹಾಗೇ ಮುಟ್ಟಬೇಕು, ಮುಟ್ಟದಿದ್ದರೆ ಮುಟ್ಟಲಿಲ್ಲವೆಂದು ಗೊತ್ತಾಗಬೇಕು. ಅಷ್ಟಕ್ಕೆ ಒದಗದ ಮೋಡ್ ಎಷ್ಟೇ ಜಾಣತನದ್ದಾಗಿರಲಿ, ತುರ್ತು ನೆಟ್‌ಗೆ ಅದರಿಂದ ಹೆಚ್ಚು ಉಪಯೋಗವಿಲ್ಲ ಎಂಬುದು ನನ್ನ ವಾದ.

ಹಾಗೇಕೆ ಎಂದರೆ, ವಿಪತ್ತಿನ ಸಂದೇಶಗಳಲ್ಲಿ ಬಹುಪಾಲು ಪಟ್ಟಿಗಳೇ. 2004ರ ಡಿಸೆಂಬರಿನಲ್ಲಿ ಸುನಾಮಿ ಅಪ್ಪಳಿಸಿದಾಗ ಹ್ಯಾಮ್ ಕಾರ್ಯಕ್ರಮಕ್ಕೆಂದು ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು, ಅಂಡಮಾನಿನಲ್ಲಿದ್ದವರ ಯೋಗಕ್ಷೇಮದ ಸುದ್ದಿಯನ್ನು ಹೊರಗಿನ ಬಂಧುಗಳಿಗೆ ದಾಟಿಸಿದರು. 2017ರಲ್ಲಿ ಮಾರಿಯಾ ಚಂಡಮಾರುತ ಪೋರ್ಟೊ ರಿಕೊವನ್ನು ಕೆಡವಿದಾಗ ಅಮೆರಿಕದ ರೆಡ್‌ಕ್ರಾಸ್ ಅಲ್ಲಿನ ಹ್ಯಾಮ್ ಸಂಘಟನೆಯಾದ ಎಆರ್‌ಆರ್‌ಎಲ್ ಬಳಿ 50 ಆಪರೇಟರುಗಳನ್ನು ಕೇಳಿತು. ಅವರಿಗಿದ್ದ ಮುಖ್ಯ ಕೆಲಸಗಳಲ್ಲಿ ಒಂದು, ಬದುಕುಳಿದವರ ಹೆಸರುಗಳನ್ನು ಹೊರಗೆ ಕಳಿಸುವುದು. ಹೆಸರು, ವಯಸ್ಸು, ಊರು, ಔಷಧಿಯ ಪ್ರಮಾಣ, ಅಕ್ಕಿಯ ಮೂಟೆ: ಇವನ್ನೆಲ್ಲ ಬಾಯಲ್ಲಿ ಹೇಳಿ ಬರೆಸುವುದು ಎಂಥ ಪಾಡು ಎಂಬುದು ಕೂತವರಿಗೇ ಗೊತ್ತು. ಎಸ್‌ಎಸ್‌ಬಿ ಗದ್ದಲದಲ್ಲಿ ‘ಇಪ್ಪತ್ತು’ ‘ಎಪ್ಪತ್ತು’ ಆಗಲು ಒಂದು ಸಿಡಿಲಿನ ಚಟಪಟ ಸಾಕು. ತಪ್ಪು ಕೇಳಿಸಿಕೊಂಡದ್ದಕ್ಕಿಂತ ದೊಡ್ಡ ತೊಂದರೆ, ತಪ್ಪಾಗಿದೆಯೆಂದು ಎರಡೂ ಕಡೆಯವರಿಗೆ ತಿಳಿಯದಿರುವುದು. ಎಪ್ಪತ್ತು ಎಂದು ಬರೆದುಕೊಂಡವನು ‘ರೋಜರ್’ ಎನ್ನುತ್ತಾನೆ, ಇಪ್ಪತ್ತು ಎಂದು ಹೇಳಿದವನು ಮುಂದಿನ ಸಾಲಿಗೆ ಹೋಗುತ್ತಾನೆ.

ಎಫ್‌ಎಲ್‌ಡಿಜಿ ಎಂಬ ತಂತ್ರಾಂಶ ಮತ್ತು ಅದರ ಜೊತೆಗಾರ ಎಫ್‌ಎಲ್‌ಮೆಸೇಜ್ ನನಗೆ ಹಿಡಿಸಿದ್ದು ಇಲ್ಲಿಯೇ. ತುಂಬಿದ ಫಾರಂ ಹೊರಡುವ ಮುನ್ನ ಅದರ ಅಕ್ಷರಗಳಿಂದ ಲೆಕ್ಕ ಹಾಕಿದ ಚೆಕ್‌ಸಮ್ ಒಂದು ಸೇರಿಕೊಳ್ಳುತ್ತದೆ. ಆ ತುದಿಯಲ್ಲಿ ಅದೇ ಲೆಕ್ಕ ಮತ್ತೆ ನಡೆಯುತ್ತದೆ. ಒಂದಕ್ಷರ ಕೆಟ್ಟರೂ ತಾಳೆಯಾಗುವುದಿಲ್ಲ, ಕಂಪ್ಯೂಟರು ಒಪ್ಪುವುದಿಲ್ಲ. ಉದ್ದದ ಪಟ್ಟಿಯಾದರೆ ಎಫ್‌ಎಲ್‌ಆಂಪ್ ಅದನ್ನು ತುಂಡು ತುಂಡಾಗಿ ಕಳಿಸುತ್ತದೆ. ಕೇಳುವವರು ‘ನನಗೆ 7, 12 ಸಿಕ್ಕಿಲ್ಲ’ ಎಂದರೆ ಅವೆರಡನ್ನೇ ಮತ್ತೆ ಕಳಿಸಿದರಾಯಿತು. ಮೋಡ್ ಯಾವುದೆಂಬುದು ಆಮೇಲಿನ ಪ್ರಶ್ನೆ. ವಿಎಚ್‌ಎಫ್ ಎಫ್‌ಎಂನಲ್ಲಿ ಎಂಟಿ63 ಸಾಕು. ಅದು ಎರಡು ಕಿಲೋಹರ್ಟ್ಸ್ ಜಾಗ ತಿನ್ನುತ್ತದೆ, ಆದರೆ ನಿಮಿಷಕ್ಕೆ ಸುಮಾರು 200 ಪದ ಸಾಗಿಸುತ್ತದೆ. ಕೊಡಗಿನಂಥ ಗುಡ್ಡಗಾಡಿನಲ್ಲಿ ವಿಎಚ್‌ಎಫ್ ಒಂದು ಏಣು ದಾಟುವುದಿಲ್ಲ. ಅಲ್ಲಿ ಹಗಲು ಹೊತ್ತು 40 ಮೀಟರಿನಲ್ಲಿ ಡೈಪೋಲನ್ನು ತಗ್ಗಾಗಿ ಕಟ್ಟಿ ಅಲೆಯನ್ನು ನೆತ್ತಿಯ ಮೇಲಕ್ಕೆ ಕಳಿಸಿದರೆ ಅದು ಅಯಾನುಗೋಳಕ್ಕೆ ತಾಗಿ ಸುತ್ತಲಿನ ಮುನ್ನೂರು ಕಿಲೋಮೀಟರಿಗೆ ಕೊಡೆ ಬಿಚ್ಚಿದಂತೆ ಇಳಿಯುತ್ತದೆ. ಆ ದಾರಿಗೆ ಒಲಿವಿಯಾ 8/500 ಒಳ್ಳೆಯದು: ನಿಮಿಷಕ್ಕೆ 30 ಪದದ ಆಸುಪಾಸು, ಅಷ್ಟು ನಿಧಾನವಾದರೂ ಕಿವಿಗೆ ಬರೀ ಗೊರಗೊರ ಎನ್ನಿಸುವಲ್ಲಿಂದಲೂ ಅಕ್ಷರ ಹೆಕ್ಕಿ ಕೊಡುತ್ತದೆ.

ನಮ್ಮಲ್ಲಿ ಎಲ್ಲರೂ ಹಚ್ಚಿಕೊಂಡಿರುವುದು ಎಫ್‌ಟಿ8 ಅನ್ನು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕಿ 2017ರಲ್ಲಿ ಬಳಕೆಗೆ ತಂದ ಈ ಮೋಡ್ ಅದ್ಭುತವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಅದು ಇಚ್ಛೆಯ ಪಠ್ಯಕ್ಕೆ ಕೊಡುವ ಜಾಗ 15 ಸೆಕೆಂಡಿನ ಸರದಿಗೆ 13 ಅಕ್ಷರ. ಒಬ್ಬರ ಹೆಸರು, ವಯಸ್ಸು, ಊರು ದಾಟಿಸುವಷ್ಟರಲ್ಲಿ ಎರಡು ನಿಮಿಷದ ಹತ್ತಿರ ಬರುತ್ತದೆ. ಮೇಲಾಗಿ ಎರಡೂ ಕಡೆಯ ಗಡಿಯಾರ ತಾಳೆಯಾಗಿರಬೇಕು, ಎರಡು-ಮೂರು ಸೆಕೆಂಡು ಆಚೀಚೆಯಾದರೆ ಏನೂ ಡಿಕೋಡ್ ಆಗುವುದಿಲ್ಲ. ಲ್ಯಾಪ್‌ಟಾಪಿನ ಗಡಿಯಾರ ಸರಿಯಾಗಿ ನಡೆಯುವುದು ಬಹುಪಾಲು ಇಂಟರ್ನೆಟ್ಟಿನ ದಯೆಯಿಂದ! (ಜಿಪಿಎಸ್ ರಿಸೀವರ್ ಸಿಕ್ಕಿಸಿಕೊಂಡರೆ ಆದೀತು, ಬ್ಯಾಗಿನಲ್ಲಿ ಅದಿರುವವರು ಎಷ್ಟು ಮಂದಿ?) ಎಫ್‌ಟಿ8 ಆಡಿದರೆ ಆಡಿಯೋ ಮಟ್ಟ ಹದ ಮಾಡುವುದು, ಆಂಟೆನಾ ಅಳೆಯುವುದು ಕೈಗೆ ಬರುತ್ತದೆ ಎಂಬ ಸಮರ್ಥನೆ ನಿಜವೇ. ಆದರೆ ನೂರು ದೇಶ ಮುಟ್ಟಿದವನಿಗೆ ಹತ್ತು ಸಾಲಿನ ಪಟ್ಟಿ ಕಳಿಸಲು ಬರದಿರಬಹುದು, ಬರುವುದಿಲ್ಲ ಎಂದು ಅವನಿಗೆ ತಿಳಿಯುವುದು ಬೇಕಾದ ದಿನವೇ.

ಇದಕ್ಕೆ ಹಳಬರ ಆಕ್ಷೇಪ ಒಂದಿದೆ: ಮಳೆ, ಕತ್ತಲೆ, ಗಾಬರಿಯ ನಡುವೆ ಲ್ಯಾಪ್‌ಟಾಪು, ಕೇಬಲ್ಲು, ಡ್ರೈವರುಗಳ ತಾಪತ್ರಯ ಯಾರಿಗೆ ಬೇಕು, ಮೈಕ್ ಒತ್ತಿ ಮಾತಾಡಿದರೆ ಮುಗಿಯಿತು. ಅರ್ಧಕ್ಕೆ ನನ್ನ ಒಪ್ಪಿಗೆಯಿದೆ. ನೆಟ್ ನಡೆಸುವುದು ಮಾತಿನಲ್ಲಿಯೇ ಆಗಬೇಕು. ಯಾರು ಹಾಜರಿದ್ದಾರೆ, ಯಾರ ಸರದಿ, ಯಾವ ಫ್ರೀಕ್ವೆನ್ಸಿಗೆ ಹೋಗಬೇಕು ಎಂಬುದನ್ನು ನೆಟ್ ಕಂಟ್ರೋಲ್ ಟೈಪ್ ಮಾಡುತ್ತ ಕೂತರೆ ಹೊತ್ತು ಅಲ್ಲೇ ಕಳೆಯುತ್ತದೆ. ಪಟ್ಟಿ ಬಂದಾಗ ಮಾತ್ರ ಡಿಜಿಟಲ್‌ಗೆ ತಿರುಗಿದರೆ ಸಾಕು. ಕೇಬಲ್ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ: ಎಂಟಿ63 ಎಷ್ಟು ಗಟ್ಟಿ ಎಂದರೆ ಲ್ಯಾಪ್‌ಟಾಪಿನ ಸ್ಪೀಕರಿಗೆ ಹ್ಯಾಂಡಿಯ ಮೈಕ್ ಹಿಡಿದು ಪಿಟಿಟಿ ಒತ್ತಿದರೂ ಅಕ್ಷರ ದಾಟುತ್ತದೆ, ಕೋಣೆಯಲ್ಲಿ ಯಾರೋ ಕೆಮ್ಮಿದರೂ ಸಹಿಸಿಕೊಳ್ಳುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಉಳಿಯದಿದ್ದರೆ ಫೋನಿನಲ್ಲಿ ಆಂಡ್‌ಎಫ್‌ಎಲ್‌ಮೆಸೇಜ್ ಇದೆ. ಎಚ್‌ಎಫ್‌ನಲ್ಲಿ ಮಾತ್ರ ಎಚ್ಚರ ಬೇಕು. ಒಲಿವಿಯಾ ಕಳಿಸುವಷ್ಟು ಹೊತ್ತೂ ರಿಗ್ ಪೂರ್ತಿ ಶಕ್ತಿಯಲ್ಲಿ ದುಡಿಯುತ್ತದೆ, ಆದ್ದರಿಂದ ನೂರು ವ್ಯಾಟಿನ ರಿಗ್ಗನ್ನು ಮೂವತ್ತು-ನಲವತ್ತಕ್ಕೆ ಇಳಿಸಬೇಕು. ಇನ್ನೊಂದು, ಕಂಪ್ಯೂಟರಿನ ನೋಟಿಫಿಕೇಶನ್ ಸದ್ದು ಆಫ್ ಮಾಡಿರಬೇಕು. ಪಟ್ಟಿಯ ಮಧ್ಯೆ ವಿಂಡೋಸಿನ ‘ಟಿಣ್’ ಇಡೀ ಬ್ಯಾಂಡಿಗೆ ಕೇಳುವುದು ಅಪರೂಪವೇನಲ್ಲ.

ಕಿರಿಯರ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬರುತ್ತದೆ. ವಿನ್‌ಲಿಂಕ್‌ನಲ್ಲಿ ಇಮೇಲ್ ಕಳಿಸಬಹುದಲ್ಲ, ನಾಳೆ ಉಪಗ್ರಹ ಇಂಟರ್ನೆಟ್ ಬಂದರೆ ಇದೆಲ್ಲ ಯಾಕೆ ಎನ್ನುತ್ತಾರೆ. ಗೇಟ್‌ವೇ ಕೈಗೆಟುಕುವಲ್ಲಿ ವಿನ್‌ಲಿಂಕ್ ಬಳಸುವುದೇ ಮೇಲು. ಆದರೆ ಅದು ಇಬ್ಬರ ನಡುವಿನ ವ್ಯವಹಾರ, ನೆಟ್‌ನ ಉಳಿದವರಿಗೆ ಪಟ್ಟಿ ಕಾಣುವುದಿಲ್ಲ. ಎಫ್‌ಎಲ್‌ಮೆಸೇಜಿನಲ್ಲಿ ಕಳಿಸಿದ್ದನ್ನು ಹತ್ತು ಸ್ಟೇಷನ್ನುಗಳು ಒಟ್ಟಿಗೆ ಹಿಡಿಯುತ್ತವೆ, ಜಿಲ್ಲಾಧಿಕಾರಿ ಕಚೇರಿಯವರಿಗೆ ತಪ್ಪಿದ್ದು ತಾಲೂಕು ಆಸ್ಪತ್ರೆಯಲ್ಲಿ ಕೂತವರ ಬಳಿ ಇರುತ್ತದೆ. ಇನ್ನು ಉಪಗ್ರಹದ ಮಾತು. ಬಂದ ದಿನ ನಾವು ಸರಿದು ಜಾಗ ಬಿಡಬೇಕು, ಅದಕ್ಕೆ ಬೇಸರವೇಕೆ. ಆದರೆ ಸ್ಯಾಟಲೈಟ್ ಫೋನನ್ನೇ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲದ ದೇಶ ನಮ್ಮದು. ಗುಡ್ಡ ಜಾರಿದ ಊರಿಗೆ ಅಂಥ ಸಲಕರಣೆ ತಲುಪುವವರೆಗಿನ ಹೊತ್ತನ್ನು ಯಾರಾದರೂ ತುಂಬಲೇಬೇಕು.

ಕನ್ನಡದಲ್ಲಿ ಕಳಿಸಬಹುದೇ ಎಂದು ಕೇಳುವವರಿದ್ದಾರೆ. ಎಫ್‌ಎಲ್‌ಡಿಜಿಗೆ ಯೂನಿಕೋಡ್ ಗೊತ್ತು, ಕಳಿಸಬಹುದು. ಆದರೆ ‘ಮಡಿಕೇರಿ’ಗೆ ರೋಮನ್ ಲಿಪಿಯಲ್ಲಿ 8 ಬೈಟ್ ಸಾಕು, ಕನ್ನಡದಲ್ಲಿ 21 ಬೇಕು, ಹೊತ್ತೂ ಹಾಗೇ ಏರುತ್ತದೆ. ಎಂಟಿ63ರಲ್ಲಿ ತಡೆದುಕೊಳ್ಳಬಹುದು, ಒಲಿವಿಯಾದಲ್ಲಿ ಆಗದು. ಹಾಗಾಗಿ ಊರಿನ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಹೇಗೆ ಬರೆಯಬೇಕೆಂದು ಮೊದಲೇ ಒಂದು ಪಟ್ಟಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಒಂದೇ ಹಳ್ಳಿ ಮೂರು ಕಾಗುಣಿತದಲ್ಲಿ ಮೂರು ಹಳ್ಳಿಯಾಗುತ್ತದೆ, ಚೆಕ್‌ಸಮ್ ಮೂರನ್ನೂ ಸರಿ ಎನ್ನುತ್ತದೆ.

ಗೋಪ್ಯದ ಪ್ರಶ್ನೆಗೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಹ್ಯಾಮ್ ಬ್ಯಾಂಡಿನಲ್ಲಿ ಗುಪ್ತಲಿಪಿ ಬಳಸುವಂತಿಲ್ಲ, ಕಳಿಸಿದ್ದನ್ನು ಯಾರು ಬೇಕಾದರೂ ಓದಬಹುದು. ಆದ್ದರಿಂದ ಫಾರಂನಲ್ಲಿ ಏನಿರಬಾರದು ಎಂಬುದನ್ನೂ ಮೊದಲೇ ತೀರ್ಮಾನಿಸಬೇಕು: ‘ಸುರಕ್ಷಿತ’, ‘ಗಾಯಾಳು’ ಎಂಬಷ್ಟು ಹೋಗಲಿ, ಕಾಯಿಲೆಯ ಹೆಸರು ಬೇಡ. ಈ ಮಾತುಕತೆ ನಮ್ಮ ಕ್ಲಬ್ಬಿನೊಳಗೆ ಮುಗಿಯುವಂಥದ್ದಲ್ಲ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದವರ ಜೊತೆ ಕೂತು ಆಗಬೇಕಾದದ್ದು. ಎಫ್‌ಎಲ್‌ಮೆಸೇಜಿನಲ್ಲಿ ಸಿಎಸ್‌ವಿ ಫಾರಂ ಇದೆ, ಬಂದ ಪಟ್ಟಿ ನೇರವಾಗಿ ಅವರ ಎಕ್ಸೆಲ್ಲಿನಲ್ಲೇ ತೆರೆದುಕೊಳ್ಳುತ್ತದೆ. ಅವರಿಗೆ ಬೇಕಾದ ಕಾಲಂಗಳು ಯಾವ ಕ್ರಮದಲ್ಲಿರಬೇಕೆಂದು ಮಳೆಗಾಲಕ್ಕೆ ಮುಂಚೆಯೇ ಹೋಗಿ ಕೇಳಿಕೊಂಡು ಬರಬೇಕು.