ಮಕ್ಕಳ ಜಗಳ ಅಂತ ಬಿಟ್ಟುಬಿಡುವ ಮುನ್ನ



ಉಳಿತಾಯ, ಸಾಲ, ಆರೋಗ್ಯ, ಪೌಷ್ಟಿಕ ಆಹಾರ ಹೀಗೆ ಅನೇಕ ವಿಷಯಗಳನ್ನು ನಾವು ಸಭೆಗಳಲ್ಲಿ ಕಲಿತಿದ್ದೇವೆ. ಈ ಸಲದ ಪಾಠ ನಮ್ಮ ಮಕ್ಕಳ ಶಾಲೆಯ ಕುರಿತು. ಶಾಲೆಯಲ್ಲಿ ಮತ್ತು ಶಾಲೆಯ ದಾರಿಯಲ್ಲಿ ಒಂದು ಮಗು ಇನ್ನೊಂದು ಮಗುವಿಗೆ ಕೊಡುವ ಕಾಟದ ಬಗ್ಗೆ ಇಂದು ತಿಳಿಯೋಣ.

ನಡೆದ ಸಂಗತಿ

ಎರಡು ವರ್ಷದ ಹಿಂದಿನ ಮಾತು. ಒಂದು ಸಂಘದ ವಾರದ ಸಭೆ. ಉಳಿತಾಯ ಕಟ್ಟಿ, ನಿರ್ಣಯ ಪುಸ್ತಕ ಬರೆದು ಆಗಿತ್ತು. ಒಬ್ಬ ಸದಸ್ಯೆ ಹೇಳಿದಳು, "ಸಿಸ್ಟರ್, ನನ್ನ ಮಗ ಎಂಟು ದಿನದಿಂದ ಶಾಲೆಗೆ ಹೋಗ್ತಿಲ್ಲ. ಬೆಳಿಗ್ಗೆ ಎದ್ದರೆ ಹೊಟ್ಟೆನೋವು ಅಂತಾನೆ. ಭಾನುವಾರ ಮಾತ್ರ ಯಾವ ನೋವೂ ಇಲ್ಲ." ಎಲ್ಲರೂ ನಕ್ಕರು. "ಯಾರೋ ಹೊಡೆದಿರಬೇಕು, ಗಂಡು ಹುಡುಗ ಅಲ್ವಾ, ತಿರುಗಿ ಬಾರಿಸೋಕೆ ಹೇಳು" ಎಂದು ಒಬ್ಬಾಕೆ ಅಂದಳು. ನಾವೂ "ಮಕ್ಕಳ ಜಗಳ, ನಾಲ್ಕು ದಿನ ಕಳೆದರೆ ಸರಿ ಹೋಗುತ್ತೆ" ಎಂದು ಹೇಳಿ ಎದ್ದುಬಂದೆವು.

ಸರಿ ಹೋಗಲಿಲ್ಲ. ಎರಡು ತಿಂಗಳ ನಂತರ ಏಳನೇ ತರಗತಿಯ ಆ ಹುಡುಗ ಪೇಟೆಯ ಗ್ಯಾರೇಜಿನಲ್ಲಿ ಟಯರು ತೊಳೆಯುತ್ತಿದ್ದ. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಾಗ ಅಳುತ್ತಾ ಎಲ್ಲ ಹೇಳಿದ. ಅವನಿಗೆ ಮಾತು ತೊದಲುತ್ತದೆ. ಮೂರು ಹುಡುಗರು ದಿನಾ ಅವನ ಹಾಗೇ ಮಾತಾಡಿ ಅಣಕಿಸುತ್ತಿದ್ದರು. ಬಿಸಿಯೂಟದ ತಟ್ಟೆಯಿಂದ ಮೊಟ್ಟೆ ಕಿತ್ತುಕೊಳ್ಳುತ್ತಿದ್ದರು. ಸಂಜೆ ದಾರಿಯಲ್ಲಿ ಚೀಲವನ್ನು ತೋಡಿಗೆ ಎಸೆಯುತ್ತಿದ್ದರು. ಆ ಮೂವರಲ್ಲಿ ಮುಂದಾಳು ಯಾರ ಮಗ ಗೊತ್ತಾ? ಅದೇ ಸಂಘದಲ್ಲಿ, ಅದೇ ಚಾಪೆಯ ಮೇಲೆ ಕೂರುವ ಇನ್ನೊಬ್ಬ ಸದಸ್ಯೆಯ ಮಗ.

ತಾಯಿಯ ಮಾತನ್ನು ನಾವು ಮೊದಲನೇ ದಿನವೇ ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು. ನಮ್ಮ ತಪ್ಪು ನಿಮ್ಮಿಂದ ಆಗದಿರಲಿ ಎಂದೇ ಈ ಪಾಠ ಬರೆಯುತ್ತಿದ್ದೇವೆ.

ಜಗಳ ಯಾವುದು, ಪೀಡನೆ ಯಾವುದು?

ಇಬ್ಬರು ಸಮಬಲದ ಮಕ್ಕಳು ಚೆಂಡಿಗಾಗಿ ಕಿತ್ತಾಡಿ ಸಂಜೆಗೆ ಒಂದಾದರೆ ಅದು ಜಗಳ. ಪೀಡನೆ ಹಾಗಲ್ಲ. ನಾರ್ವೆ ದೇಶದ ಮನಃಶಾಸ್ತ್ರಜ್ಞ ಡಾನ್ ಓಲ್ವಿಯಸ್ 1970ರ ದಶಕದಿಂದ ಈ ವಿಷಯವನ್ನು ಅಧ್ಯಯನ ಮಾಡಿದವರು. ಅವರು ಹೇಳಿದ ಮೂರು ಗುರುತುಗಳು ಇವು:

1. ಬೇಕಂತಲೇ ನೋಯಿಸುವುದು.
2. ಒಂದು ಸಲ ಅಲ್ಲ, ಮತ್ತೆ ಮತ್ತೆ ಮಾಡುವುದು.
3. ಪೀಡಿಸುವವರ ಕೈ ಮೇಲಾಗಿ, ಪೀಡನೆಗೊಳಗಾದ ಮಗುವಿಗೆ ಎದುರಿಸಲು ಆಗದಿರುವುದು.

ಈ ಮೂರನೆಯದನ್ನು ಗಮನಿಸಿ. ಮೂವರ ಎದುರು ಒಬ್ಬ, ದೊಡ್ಡವನ ಎದುರು ಚಿಕ್ಕವನು. ಹೀಗಿರುವಾಗ "ತಿರುಗಿ ಹೊಡಿ" ಎಂದರೆ ಮಗು ಇನ್ನೂ ಹೆಚ್ಚು ಪೆಟ್ಟು ತಿನ್ನುತ್ತದೆ ಅಷ್ಟೇ.

ಹೊಡೆಯುವುದು ಮಾತ್ರ ಪೀಡನೆಯಲ್ಲ. ಬಣ್ಣ, ಜಾತಿ, ಧರ್ಮ, ಅಂಗವಿಕಲತೆ, ಅಪ್ಪನ ಕುಡಿತ, ಅಮ್ಮನ ಕೆಲಸ ಇವನ್ನು ಹಿಡಿದು ಹಂಗಿಸುವುದು, ಆಟಕ್ಕೆ ಸೇರಿಸದೆ ದೂರ ಇಡುವುದು, ಹಣ ಕೇಳಿ ಹೆದರಿಸುವುದು, ಮೊಬೈಲಿನಲ್ಲಿ ಫೋಟೋ ಹಾಕಿ ಅವಮಾನ ಮಾಡುವುದು ಎಲ್ಲವೂ ಪೀಡನೆಯೇ. ಇದು ನಮ್ಮೂರಿನ ಕಥೆ ಮಾತ್ರವೂ ಅಲ್ಲ. ಜಗತ್ತಿನಾದ್ಯಂತ ಸುಮಾರು ಮೂವರಲ್ಲಿ ಒಬ್ಬ ವಿದ್ಯಾರ್ಥಿ ಹಿಂದಿನ ಒಂದು ತಿಂಗಳಲ್ಲಿ ಪೀಡನೆ ಅನುಭವಿಸಿದ್ದಾಗಿ ಯುನೆಸ್ಕೋ 2019ರಲ್ಲಿ ವರದಿ ಮಾಡಿದೆ.

ತಾಯಿ ಗಮನಿಸಬೇಕಾದ ಲಕ್ಷಣಗಳು

• ಶಾಲೆಯ ದಿನ ಮಾತ್ರ ಹೊಟ್ಟೆನೋವು, ತಲೆನೋವು.
• ಹರಿದ ಬಟ್ಟೆ, ಕಳೆದುಹೋದ ಪುಸ್ತಕ, ಕಾರಣ ಹೇಳದ ಗಾಯ.
• ರಾತ್ರಿ ಬೆಚ್ಚಿಬೀಳುವುದು, ಹಾಸಿಗೆ ಒದ್ದೆ ಮಾಡುವುದು.
• ಹತ್ತಿರದ ದಾರಿ ಬಿಟ್ಟು ಸುತ್ತಿ ಬರುವುದು.
• ಮನೆಯಲ್ಲಿ ಚಿಲ್ಲರೆ ಹಣ ಕಾಣೆಯಾಗುವುದು.
• "ನಾನು ಇರಬಾರದಿತ್ತು" ಎಂಬ ಮಾತು. ಇದನ್ನು ಕೇಳಿದರೆ ತಡ ಮಾಡಬೇಡಿ. ಮಗುವನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೂ ಸಲಹೆ ಸಿಗುತ್ತದೆ.

ಮಗು ಹೇಳಿದಾಗ ಮೊದಲು ಪೂರ್ತಿ ಕೇಳಿ. "ನೀನೇನು ಮಾಡಿದ್ದೆ?" ಎಂದು ಮೊದಲ ಮಾತಿಗೇ ಕೇಳಬೇಡಿ. "ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಲ್ಲ, ನಾವು ನೋಡ್ಕೊಳ್ತೀವಿ" ಎನ್ನಿ. ಇಷ್ಟು ಮಾತಿಗೇ ಮಗುವಿನ ಅರ್ಧ ಭಾರ ಇಳಿಯುತ್ತದೆ. ಕೋಪದಲ್ಲಿ ಎದುರು ಮನೆಗೆ ಹೋಗಿ ಬೈಯುವುದು, ಆ ಮಗುವಿಗೆ ನೀವೇ ಹೊಡೆಯುವುದು ಬೇಡವೇ ಬೇಡ.

ದೂರು ಕೊಡುವುದು ಹೇಗೆ?

ಒಂದು: ಬರೆದಿಡಿ. ಯಾವ ದಿನ, ಎಲ್ಲಿ, ಏನಾಯಿತು, ಯಾರು ನೋಡಿದರು. ಬರೆಯಲು ಬಾರದಿದ್ದರೆ ಸಂಘದ ಪುಸ್ತಕ ಬರೆಯುವವರ ಸಹಾಯ ಪಡೆಯಿರಿ.

ಎರಡು: ತರಗತಿಯ ಟೀಚರಿಗೆ, ಆಮೇಲೆ ಮುಖ್ಯೋಪಾಧ್ಯಾಯರಿಗೆ ಹೇಳಿ. ಬಾಯಿಮಾತಿನ ಜೊತೆಗೆ ಅರ್ಜಿಯನ್ನೂ ಕೊಡಿ. ಒಂದು ಪ್ರತಿಯ ಮೇಲೆ "ಸ್ವೀಕರಿಸಲಾಗಿದೆ" ಎಂದು ಸಹಿ, ತಾರೀಕು ಹಾಕಿಸಿಕೊಂಡು ಜೋಪಾನವಾಗಿಡಿ. ಅರ್ಜಿ ಹೀಗಿರಲಿ: "ನನ್ನ ಮಗ/ಮಗಳು ನಿಮ್ಮ ಶಾಲೆಯ ಇಂಥ ತರಗತಿಯಲ್ಲಿ ಓದುತ್ತಿದ್ದು, ಇಂಥ ದಿನಗಳಲ್ಲಿ ಈ ರೀತಿ ತೊಂದರೆ ಆಗಿರುತ್ತದೆ. ದಯವಿಟ್ಟು ವಿಚಾರಿಸಿ, ಮಗುವಿಗೆ ರಕ್ಷಣೆ ಕೊಟ್ಟು, ತೆಗೆದುಕೊಂಡ ಕ್ರಮವನ್ನು ನನಗೆ ತಿಳಿಸಬೇಕಾಗಿ ವಿನಂತಿ."

ಮೂರು: ಕ್ರಮ ಆಗದಿದ್ದರೆ ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿಗೆ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ತಿಳಿಸಿ. ಶಿಕ್ಷಣ ಹಕ್ಕು ಕಾಯಿದೆ 2009ರ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು. ಹಾಗಾದರೆ ಆ ಸಮಿತಿಯಲ್ಲಿ ನಮ್ಮ ಸಂಘದವರೂ ಇರಬಹುದಲ್ಲವೇ?

ನಾಲ್ಕು: ಅಲ್ಲೂ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ (ಬಿಇಒ) ಅರ್ಜಿ ಕೊಡಿ. ಖಾಸಗಿ ಶಾಲೆಯಾದರೂ, ನಮ್ಮಂಥ ಸಂಸ್ಥೆಯವರು ನಡೆಸುವ ಶಾಲೆಯಾದರೂ ಕೊಡಬಹುದು. "ಸಿಸ್ಟರ್ ಶಾಲೆ, ಹೇಗೆ ದೂರು ಕೊಡೋದು" ಅಂತ ಹಿಂಜರಿಯಬೇಡಿ.

ಐದು: ಮಕ್ಕಳ ಸಹಾಯವಾಣಿ 1098. ಇದು ಉಚಿತ, ಹಗಲು ರಾತ್ರಿ ಇರುತ್ತದೆ, ಮಗುವೇ ಫೋನ್ ಮಾಡಬಹುದು. ಅಪಾಯ ಇದ್ದರೆ 112. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ, ಮಕ್ಕಳ ರಕ್ಷಣಾ ಘಟಕ, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇವುಗಳಿಗೂ ದೂರು ಕೊಡಬಹುದು.

ರಾಜಿ ಮಾಡಬಾರದ ವಿಷಯ

ಮೈ ಮುಟ್ಟುವುದು, ಬಟ್ಟೆ ಎಳೆಯುವುದು, ಅಸಹ್ಯ ಚಿತ್ರ ತೋರಿಸುವುದು ಇಂಥ ಲೈಂಗಿಕ ಕಿರುಕುಳ ಇದ್ದರೆ ಅದು ಪೋಕ್ಸೋ ಕಾಯಿದೆ 2012ರಡಿ ಬರುತ್ತದೆ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಹಿರಿಯರು ಕೂತು ಪಂಚಾಯ್ತಿ ಮಾಡಿ ಮುಗಿಸುವಂತಿಲ್ಲ. ಮಗುವಿನ ಹೆಸರನ್ನು ಯಾರಿಗೂ ಹೇಳಬಾರದು, ಸಂಘದ ನಿರ್ಣಯ ಪುಸ್ತಕದಲ್ಲೂ ಬರೆಯಬಾರದು. ತಪ್ಪು ಮಾಡಿದವರು 18 ವರ್ಷದೊಳಗಿನವರಾದರೆ ಪ್ರಕರಣವನ್ನು ಬಾಲ ನ್ಯಾಯ ಮಂಡಳಿ ವಿಚಾರಿಸುತ್ತದೆ.

ಶಿಕ್ಷಕರೇ ಹೊಡೆದರೆ, ಹೀಯಾಳಿಸಿದರೆ? ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ.

ದೂರು ನಮ್ಮ ಮಗುವಿನ ಮೇಲೇ ಬಂದರೆ?

ಆ ಇನ್ನೊಬ್ಬ ತಾಯಿ "ನನ್ನ ಮಗ ಅಂಥವನಲ್ಲ" ಎಂದು ಜಗಳ ಮಾಡಿ ಎರಡು ಸಭೆಗೆ ಬರಲೇ ಇಲ್ಲ. ಸಂಘ ಒಡೆಯುತ್ತದೆಂಬ ಭಯ ಎಲ್ಲರಿಗೂ ಇತ್ತು. ಸಂಘದ ಅಧ್ಯಕ್ಷೆ ಮತ್ತು ನಾವು ಅವಳ ಮನೆಗೆ ಹೋದೆವು. ಬೈಯಲಿಲ್ಲ, ಚಹಾ ಕುಡಿದು ಕೂತೆವು. ಬಹಳ ಹೊತ್ತಿನ ನಂತರ ಅವಳೇ ಅಂದಳು, "ಇವನ ಅಪ್ಪ ಕುಡಿದು ಬಂದು ಇವನಿಗೆ ದಿನಾ ಬೆಲ್ಟಲ್ಲಿ ಹೊಡೀತಾನೆ ಸಿಸ್ಟರ್. ಇವನು ಅದನ್ನೇ ಕಲ್ತಿದ್ದಾನೆ."

ಪೀಡಿಸುವ ಮಕ್ಕಳೆಲ್ಲ ಹೀಗೇ ಎಂದಲ್ಲ. ಆದರೆ ಪೀಡಿಸುವ ಮಗುವಿಗೂ ಸಹಾಯ ಬೇಕು. ಹೊಡೆದು ಬುದ್ಧಿ ಕಲಿಸಲು ಹೋದರೆ, ಬಲ ಇದ್ದವನು ಹೊಡೆಯಬಹುದು ಎಂದೇ ಅದು ಕಲಿಯುತ್ತದೆ. ತಪ್ಪನ್ನು ಸ್ಪಷ್ಟವಾಗಿ ಹೇಳಿ, ನಷ್ಟ ತುಂಬಿಕೊಡುವಂತೆ ಮಾಡಿ, ಶಾಲೆಯವರ ಜೊತೆ ಮಾತಾಡುತ್ತಾ ಇರಿ.

ಇಲ್ಲಿ ಮುಖ್ಯೋಪಾಧ್ಯಾಯಿನಿಯವರು ಇಬ್ಬರನ್ನೂ ಬೇರೆ ಬೇರೆ ಕರೆದು ಮಾತಾಡಿದರು. ಎಲ್ಲರೆದುರು ಕೈ ಕುಲುಕಿಸಿ ಮುಗಿಸಲಿಲ್ಲ. ಊಟದ ಹೊತ್ತು ಒಬ್ಬ ಟೀಚರ್ ನಿಲ್ಲುವಂತಾಯಿತು. ಸಂಜೆ ದಾರಿಯಲ್ಲಿ ಮಕ್ಕಳು ಗುಂಪಾಗಿ ಬರುವ ಏರ್ಪಾಡು ಸಂಘದ್ದು. ಜೂನ್ ತಿಂಗಳಲ್ಲಿ ಹುಡುಗ ಶಾಲೆಗೆ ಮರಳಿದ. ಈಗ ಒಂಬತ್ತನೇ ತರಗತಿ. ಆದರೆ ಬಿಟ್ಟುಹೋದ ತಿಂಗಳುಗಳಿಂದ ಗಣಿತದಲ್ಲಿ ಇಂದಿಗೂ ಹಿಂದೆ ಇದ್ದಾನೆ. ಇಬ್ಬರು ತಾಯಂದಿರೂ ಸಂಘದಲ್ಲಿದ್ದಾರೆ. ಮೊದಲಿನಷ್ಟು ಮಾತಿಲ್ಲ, ಜಗಳವೂ ಇಲ್ಲ.

ಬಾರದಂತೆ ತಡೆಯಲು

• ಮನೆಯಲ್ಲಿ "ಕರಿಯ", "ಕುಂಟ", "ದಡ್ಡಿ" ಎಂದು ಅಡ್ಡಹೆಸರು ಕರೆಯುವುದನ್ನು ನಿಲ್ಲಿಸೋಣ. ಮಕ್ಕಳು ಅದನ್ನು ನಮ್ಮ ಬಾಯಿಂದಲೇ ಕಲಿಯುತ್ತಾರೆ.
• ನೋಡುತ್ತಾ ನಿಲ್ಲುವ ಮಗುವಿಗೆ "ನಗಬೇಡ, ಪೆಟ್ಟು ತಿಂದವನ ಪಕ್ಕ ನಿಲ್ಲು, ಟೀಚರಿಗೆ ಹೇಳು" ಎಂದು ಕಲಿಸೋಣ. ಹೇಳುವುದು ಚಾಡಿಯಲ್ಲ.
• ಶೌಚಾಲಯ, ಊಟದ ಜಾಗ, ಬಸ್‌ಸ್ಟಾಪು ಇಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂದು ಶಾಲೆಯಲ್ಲಿ ಕೇಳೋಣ.
• ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಮಾತಾಡಲು ಧೈರ್ಯ ತುಂಬೋಣ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಿನ ಶಾಲೆಯ ದಾರಿಯಲ್ಲಿ ಮಕ್ಕಳಿಗೆ ಭಯ ಇರುವ ಜಾಗ ಯಾವುದು?
2. ಶಾಲೆ ಬಿಟ್ಟ ಮಗು ನಮ್ಮಲ್ಲಿದೆಯೇ? ನಿಜವಾದ ಕಾರಣ ಯಾರಾದರೂ ಕೇಳಿದ್ದೇವೆಯೇ?
3. ನಮ್ಮ ಶಾಲೆಯ ಎಸ್‌ಡಿಎಂಸಿಯಲ್ಲಿ ಇರುವ ತಾಯಂದಿರು ಯಾರು?
4. ಇಬ್ಬರು ಸದಸ್ಯೆಯರ ಮಕ್ಕಳ ನಡುವೆಯೇ ತೊಂದರೆ ಬಂದರೆ ಮಾತಾಡಲು ಯಾರನ್ನು ಕಳಿಸುತ್ತೇವೆ?

ಚರ್ಚಿಸಿದ ಮೇಲೆ ಒಂದು ಕೆಲಸವನ್ನಾದರೂ ತೀರ್ಮಾನಿಸಿ ನಿರ್ಣಯ ಪುಸ್ತಕದಲ್ಲಿ ಬರೆಯಿರಿ. 1098 ಎಂಬ ನಂಬರನ್ನು ಮನೆಯ ಗೋಡೆಯ ಮೇಲೆ, ಮಗುವಿನ ಕಣ್ಣಿಗೆ ಬೀಳುವ ಕಡೆ ಬರೆದಿಡಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ "ಎಷ್ಟು ಮಾರ್ಕು ಬಂತು?" ಎಂದು ಕೇಳುವ ಮೊದಲು, "ಇವತ್ತು ಶಾಲೆಯಲ್ಲಿ ಯಾರ ಜೊತೆ ಕೂತು ಊಟ ಮಾಡಿದೆ?" ಎಂದು ಕೇಳಿನೋಡಿ. ಉತ್ತರವನ್ನು ಮುಂದಿನ ಸಭೆಗೆ ತನ್ನಿ.