ವರ್ಷ ತಪ್ಪದಂತೆ ಚಿತ್ರಗಳನ್ನು ನಕಲು ಮಾಡುವ ಕ್ರಮ

ನಮ್ಮ ಶಾಲೆಯ ಹಳೆಯ ಗುಂಪುಚಿತ್ರಗಳನ್ನು ಮನೆಮನೆಗಳಿಂದ ಎರವಲು ತಂದು ಗಣಕಯಂತ್ರದಲ್ಲಿ ಸೇರಿಸುವಾಗ ವರ್ಷಕ್ಕೊಂದರಂತೆ ಫೋಲ್ಡರುಗಳನ್ನು ಮಾಡಿ, ಒಂದೊಂದರಲ್ಲಿಯೂ ಚಿತ್ರಗಳಿಗೆ 'ಗುಂಪು 1', 'ಗುಂಪು 2' ಎಂದೇ ಹೆಸರಿಟ್ಟಿದ್ದೆವು. ವರ್ಷವು ಫೋಲ್ಡರಿನ ಮೇಲೆ ಇರುವದರಿಂದ ಚಿತ್ರದ ಹೆಸರಿನಲ್ಲಿ ಪುನಃ ಬರೆಯುವದು ಅನಾವಶ್ಯಕವೆಂದು ತಿಳಿದೆವು, ಸೋಮಾರಿತನವೆಂದರೂ ಸಲ್ಲುವದು. ಬಳಿಕ ಇವೆಲ್ಲವನ್ನೂ ಒಂದು ಪೆನ್‌ಡ್ರೈವಿಗೆ ನಕಲು ಮಾಡಬೇಕೆಂದು, ಆಜ್ಞೆಗಳನ್ನು ಅಕ್ಷರಗಳಲ್ಲಿ ಬರೆದು ಕೊಡುವ ಕಪ್ಪು ಕಿಟಿಕಿಯನ್ನು ತೆರೆದು, ಒಳಗೊಳಗಿನ ಫೋಲ್ಡರುಗಳನ್ನು ಹುಡುಕುವ 'ಫಾರ್' ಆಜ್ಞೆಗೆ 'ಕಾಪಿ' ಆಜ್ಞೆಯನ್ನು ಜೋಡಿಸಿದೆವು. ನಡುನಡುವೆ ಪ್ರಶ್ನಿಸಬಾರದೆಂದು 'ವೈ' ಎಂಬ ಗುರುತನ್ನೂ ಸೇರಿಸಿದೆವು. ಯಂತ್ರವು ಹೇಳಿದಂತೆಯೇ ಮಾಡಿತು. ಎಲ್ಲಾ ವರ್ಷಗಳ 'ಗುಂಪು 1' ಒಂದೇ ಸ್ಥಳಕ್ಕೆ ಬಂದು, ಪ್ರತಿಯೊಂದೂ ತನ್ನ ಹಿಂದಿನದನ್ನು ಅಳಿಸಿ ಅಲ್ಲಿ ಕುಳಿತುಕೊಂಡಿತು. ಕಡೆಗೆ ಉಳಿದದ್ದು ಒಂದೇ. ಅದು ಯಾವ ವರ್ಷದ್ದೆಂದು ತಿಳಿಯುವ ಗುರುತೂ ಇರಲಿಲ್ಲ. ನಾವು ಇದನ್ನು ಕಾಣುವ ಮೊದಲೇ ಹಳೆಯ ಯಂತ್ರವನ್ನು ಬರಿದುಮಾಡಿ ಕೊಟ್ಟುಬಿಟ್ಟಿದ್ದೆವು. ತನ್ನ ತಾಯಿಯ ತರಗತಿಯ ಚಿತ್ರವನ್ನು ಕೇಳುತ್ತಾ ಬಂದ ಹಳೆಯ ವಿದ್ಯಾರ್ಥಿನಿಯೊಬ್ಬರು ಬರಿಗೈಯಲ್ಲಿ ಹಿಂದಿರುಗಬೇಕಾಯಿತು.

ಆದುದರಿಂದ ಸರಿಯಾದ ಕ್ರಮವನ್ನು ಇಲ್ಲಿ ಬರೆಯುತ್ತೇವೆ. 2007ರಲ್ಲಿ ಮಾರಾಟಕ್ಕೆ ಬಂದ ವಿಸ್ತಾ ಮೊದಲ್ಗೊಂಡು ವಿಂಡೋಸ್ ಯಂತ್ರಗಳಲ್ಲಿ 'ರೋಬೋಕಾಪಿ' ಎಂಬ ಆಜ್ಞೆಯು ಇರುತ್ತದೆ. ಅದರ ಮುಂದೆ ಮೂಲ ಫೋಲ್ಡರಿನ ದಾರಿಯನ್ನೂ, ಅನಂತರ ಗುರಿಯ ದಾರಿಯನ್ನೂ, ಕಡೆಗೆ ಓರೆಗೆರೆಯೊಡನೆ ಇಂಗ್ಲಿಷಿನ 'ಇ' ಅಕ್ಷರವನ್ನೂ ಬರೆಯಬೇಕು. ಆಗ ಒಳಗಿನ ಫೋಲ್ಡರುಗಳೆಲ್ಲವೂ, ಬರಿದಾದವು ಸಹ, ಇದ್ದ ಹಾಗೆಯೇ ಗುರಿಯಲ್ಲಿ ಉಂಟಾಗುವವು. 'ಇ'ಗೆ ಬದಲಾಗಿ 'ಎಸ್' ಬರೆದರೆ ಬರಿದಾದವುಗಳನ್ನು ಬಿಟ್ಟುಬಿಡುವದು. ಎರಡನ್ನೂ ಬರೆಯದಿದ್ದರೆ ಮೇಲಿನ ಫೋಲ್ಡರಿನ ಫೈಲುಗಳು ಮಾತ್ರವೇ ಬಂದು, ವರ್ಷಗಳೆಲ್ಲವೂ ಹಿಂದೆ ಉಳಿಯುವವು. ದಾರಿಯ ಹೆಸರಿನ ನಡುವೆ ತೆರಪಿದ್ದರೆ ಅದನ್ನು ಉದ್ಧರಣಚಿಹ್ನೆಗಳೊಳಗೆ ಇಡಬೇಕು.

ಇಲ್ಲಿ ಒಂದು ಸೂಕ್ಷ್ಮವುಂಟು. ರೋಬೋಕಾಪಿಯು ಮೂಲ ಫೋಲ್ಡರಿನ ಒಳಗಿರುವದನ್ನು ಒಯ್ಯುವದೇ ಹೊರತು ಆ ಫೋಲ್ಡರಿನ ಹೆಸರನ್ನು ಒಯ್ಯುವದಿಲ್ಲ. ಒಂದು ವರ್ಷದ ಫೋಲ್ಡರನ್ನೇ ಮೂಲವಾಗಿ ಕೊಟ್ಟರೆ, ಆ ವರ್ಷವನ್ನು ಗುರಿಯ ದಾರಿಯ ಕೊನೆಯಲ್ಲಿಯೂ ನಾವೇ ಬರೆಯಬೇಕು. ಇಲ್ಲವಾದರೆ ಹಿಂದಿನ ಗತಿಯೇ ಸರಿ. 'ಎಮ್‌ಐಆರ್' ಎಂಬ ಗುರುತನ್ನಂತೂ ಅಭ್ಯಾಸವಿಲ್ಲದವರು ಮುಟ್ಟಬಾರದು. ಗುರಿಯಲ್ಲಿದ್ದು ಮೂಲದಲ್ಲಿಲ್ಲದವುಗಳನ್ನೆಲ್ಲ ಅದು ಅಳಿಸಿಬಿಡುವದು. ಓರೆಗೆರೆಯೊಡನೆ 'ಎಲ್' ಸೇರಿಸಿದರೆ ಏನನ್ನೂ ನಕಲು ಮಾಡದೆ, ಮಾಡಲಿರುವದರ ಪಟ್ಟಿಯನ್ನು ಮಾತ್ರ ತೋರಿಸುವದು. ಈಗ ನಾವು ಇದನ್ನು ಓದದೆ ಮುಂದುವರಿಯುವದಿಲ್ಲ.

ಲಿನಕ್ಸ್ ಯಂತ್ರವುಳ್ಳವರಿಗೆ 'ಸಿಪಿ' ಎಂಬ ಆಜ್ಞೆಯುಂಟು. ಆರಿಸಿದ ಒಂದೇ ಫೈಲನ್ನು ಅದರ ದಾರಿಯ ಫೋಲ್ಡರುಗಳ ಸಮೇತ ಒಯ್ಯಬೇಕಾದರೆ ಎರಡು ಅಡ್ಡಗೆರೆಗಳೊಡನೆ 'ಪೇರೆಂಟ್ಸ್' ಎಂದು ಸೇರಿಸುವದು.

ನಮ್ಮಿಂದ ಚಿತ್ರಗಳನ್ನು ಹಿಂದಕ್ಕೆ ಪಡೆದ ಹಳೆಯ ವಿದ್ಯಾರ್ಥಿನಿಯರೂ ಅವರ ಮನೆಯವರೂ ಅವನ್ನು ಇನ್ನೊಮ್ಮೆ ಎರವಲು ಕೊಡಬೇಕೆಂದು ಬೇಡುತ್ತೇವೆ. ಹಿಂಬದಿಯಲ್ಲಿ ವರ್ಷವನ್ನು ಸೀಸದಕಡ್ಡಿಯಿಂದ ಬರೆದು ಕಳುಹಿಸಿದರೆ ಉಪಕಾರವಾಗುವದು.